ತಪ್ಪಿದ ನಾಯಕನೂ ಕೇಳುವ ವಾಲಿಯೂ

ಬೆಳ್ತಂಗಡಿಯ ಕಡೆಗೆ ಹೋದವರೆಲ್ಲರೂ ಗಡಾಯಿಕಲ್ಲನ್ನು ಕಂಡಿರುವರು. ಕಾಡಿನ ಹಸುರಿನ ನಡುವಿನಿಂದ ಒಮ್ಮೆಗೇ ಎದ್ದುನಿಂತ ಆ ಬಂಡೆಯ ನೆತ್ತಿಯಲ್ಲಿ ಟಿಪ್ಪು ಸುಲ್ತಾನನು ೧೭೯೪ರಲ್ಲಿ ಕೋಟೆಯನ್ನು ಕಟ್ಟಿಸಿ, ತಾಯಿಯ ಹೆಸರಿನಿಂದ ಅದನ್ನು ಜಮಾಲಾಬಾದ್ ಎಂದು ಕರೆದನೆಂದು ಹೇಳುವರು. ಐದು ವರ್ಷ ಕಳೆಯುವಷ್ಟರಲ್ಲಿ ಕಟ್ಟಿಸಿದವನೂ ಅಳಿದನು, ಕೋಟೆಯೂ ಇಂಗ್ಲಿಷರ ವಶವಾಯಿತು. ಚರಿತ್ರೆಯು ಅಲ್ಲಿಗೆ ಮುಗಿಯುವುದು. ಕಲ್ಪನೆಗಾದರೋ ಅಂಥ ಎಲ್ಲೆಯಿಲ್ಲ. ಫ್ರಾನ್ಸ್ ದೇಶದ ಜೂಲ್ಸ್ ವರ್ನನು ಸಮುದ್ರದಡಿಯಲ್ಲಿ ಹಡಗು ನಡೆಸುವ ಕ್ಯಾಪ್ಟನ್ ನೆಮೋ ಎಂಬವನ ಕಥೆಯನ್ನು ೧೮೭೦ರ ಸುಮಾರಿಗೆ ಬರೆದು ಮುಗಿಸಿದಾಗ ಆ ನಾಯಕನ ಕುಲಗೋತ್ರಗಳನ್ನು ಗುಟ್ಟಾಗಿಯೇ ಇರಿಸಿದ್ದನು. ನಾಲ್ಕೈದು ವರ್ಷಗಳ ತರುವಾಯ 'ನಿಗೂಢ ದ್ವೀಪ'ವೆಂಬ ಇನ್ನೊಂದು ಕಾದಂಬರಿಯಲ್ಲಿ ಆ ಗುಟ್ಟನ್ನು ಒಡೆದನು. ನೆಮೋ ಎಂದರೆ ಬುಂದೇಲಖಂಡದ ರಾಜಕುಮಾರ ಡಕ್ಕಾರ. ನಮ್ಮ ಟಿಪ್ಪುವಿನ ಒಡಹುಟ್ಟಿದವರ ಮಗ! ಅಣ್ಣನ ಮಗನೋ ಅಕ್ಕನ ಮಗನೋ ತಿಳಿಯದು, ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಅಳಿಯಕಟ್ಟಿನಲ್ಲಿ ಬಾಳಿದ ನಮ್ಮ ಜಿಲ್ಲೆಯವರಿಗೆ ಅದು ಆಸ್ತಿಯ ಪ್ರಶ್ನೆ. ವರ್ನನಿಗೆ ಏನೂ ಅಲ್ಲ. ವಯಸ್ಸಿನ ಲೆಕ್ಕ ಹಿಡಿದರೆ ಈ ನೆಂಟಸ್ತಿಕೆ ಸರಿಬೀಳುವುದೂ ಕಷ್ಟವೇ. ಹೇಗೂ ಇರಲಿ, ಗಡಾಯಿಕಲ್ಲಿನ ಒಡೆಯನಿಗೆ ಇಂಥ ಒಬ್ಬ ಬಂಧುವನ್ನು ದಯಪಾಲಿಸಿದ ಆ ಗ್ರಂಥಕರ್ತನ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸವುಂಟು.

ಇನ್ನೂ ಕಂಡುಹಿಡಿಯದ ಯಂತ್ರವನ್ನೋ ಇನ್ನೂ ಮುಟ್ಟದ ಲೋಕವನ್ನೋ ಕಲ್ಪಿಸಿಕೊಂಡು, ಅಲ್ಲಿಯೂ ಮನುಷ್ಯನು ಮನುಷ್ಯನಾಗಿಯೇ ಇದ್ದರೆ ಏನಾದೀತೆಂದು ನೋಡುವ ಕಥೆಗಳನ್ನು ವಿಜ್ಞಾನಕಥೆಗಳೆಂದು ಕರೆಯುವರು. ಇಂಥ ಕಥೆಗಳಲ್ಲಿ ನಾಯಕನು ನಿಯಮವನ್ನು ಮೀರುವುದು ಬಲು ಸಾಮಾನ್ಯ. ಅದಕ್ಕೆ ಕಾರಣವೂ ಉಂಟು. ಹಡಗು ಮನೆಯಿಂದ ಎಷ್ಟೋ ದೂರದಲ್ಲಿರುವುದು. ಅಪ್ಪಣೆ ಕೇಳಿ ಉತ್ತರ ಬರುವವರೆಗೆ ಕಾಯಲು ವ್ಯವಧಾನವಿಲ್ಲ. ನಿಯಮವನ್ನು ಮಾಡಿದವರು ಆ ಲೋಕವನ್ನು ಕಂಡವರೇ ಅಲ್ಲ. ಆದುದರಿಂದ ನಾಯಕನು ನಿಯಮವನ್ನು ಮುರಿಯುವನು, ಊರನ್ನು ಉಳಿಸುವನು, ಕಡೆಗೆ ಎದೆಯೆತ್ತಿ ನಿಂತು 'ಮಾಡಿದವನು ನಾನು' ಎನ್ನುವನು. ಓದುವವರ ಕಣ್ಣು ತೇವವಾಗುವುದು. ನನ್ನ ಕಣ್ಣೂ ತೇವವಾಗಿದೆ. ಆದರೂ ಈಚಿನ ಕೆಲವು ವರ್ಷಗಳಿಂದ ಆ 'ನಾನು' ಎಂಬ ಮಾತಿನ ತೂಕವೆಷ್ಟೆಂಬ ಸಂದೇಹ ನನ್ನನ್ನು ಕಾಡುತ್ತಿದೆ.

ನೆಮೋವನ್ನೇ ನೋಡಬಹುದು. ೧೮೫೭ರ ಯುದ್ಧದಲ್ಲಿ ಮಡದಿಮಕ್ಕಳನ್ನೂ ರಾಜ್ಯವನ್ನೂ ಕಳೆದುಕೊಂಡ ಅವನು ಭೂಮಿಯ ಮೇಲಣ ಸಕಲ ಶಾಸನಗಳಿಂದಲೂ ತಾನು ಹೊರಗಾದೆನೆಂದು ಸಾರಿ ಸಮುದ್ರಕ್ಕಿಳಿದನು. ಒಂದು ಯುದ್ಧದ ಹಡಗನ್ನು ಆಳುಗಳ ಸಮೇತ ಮುಳುಗಿಸಿದನು. ಮುಳುಗಿಸಿದ ಬಳಿಕ ಕೋಣೆಗೆ ಹೋಗಿ ಹೆಂಡತಿ ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಅತ್ತನು. ಮುಂದೆ ಮುದುಕನಾಗಿ, ಒಬ್ಬಂಟಿಯಾಗಿ, ಸಾವಿನ ಹೊಸ್ತಿಲಲ್ಲಿದ್ದಾಗ, ಬೆಲೂನಿನಿಂದ ಆ ದ್ವೀಪಕ್ಕೆ ಬಂದುಬಿದ್ದಿದ್ದ ಅಮೆರಿಕದವರನ್ನು ಕರೆಯಿಸಿ ತನ್ನ ಬಾಳಿನ ಲೆಕ್ಕವನ್ನೆಲ್ಲ ಅವರ ಮುಂದಿಟ್ಟು, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿದನು. ಇದು ಸಣ್ಣ ಮಾತಲ್ಲ. ಕೇಳಬೇಕೆಂಬ ಬುದ್ಧಿ ಎಷ್ಟು ಜನ ಅರಸರಿಗೆ ಬಂದೀತು? ಅವರ ಮುಂದಾಳಾದ ಎಂಜಿನಿಯರ್ ಸೈರಸ್ ಸ್ಮಿತ್ತನು, ಕಳೆದುಹೋದ ಕಾಲವನ್ನು ಮರಳಿ ತರಬಹುದೆಂದು ನಂಬಿದ್ದೇ ನೆಮೋನ ದೋಷವೆಂದು ಮೃದುವಾಗಿ ಹೇಳಿ, ಉಳಿದುದನ್ನು ದೇವರಿಗೆ ಬಿಟ್ಟನು. ಎಲ್ಲವೂ ಗಂಭೀರವಾಗಿಯೇ ಇದೆ. ಆದರೆ ಈ ನ್ಯಾಯಾಧೀಶರು ಯಾರು? ನೆಮೋ ಗುಟ್ಟಾಗಿ ಸಹಾಯಮಾಡಿ ಬದುಕಿಸಿದವರು, ಅವನ ಋಣದಲ್ಲಿರುವವರು. ಮುಳುಗಿದ ಹಡಗಿನವರು ಅಲ್ಲಿ ಒಬ್ಬರೂ ಇಲ್ಲ. ಸಮುದ್ರದಡಿಯಿಂದ ಬಂದು ಕೇಳುವವರಾರು?

ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಿರುವ ನನ್ನ ತಂಗಿಯ ಮೊಮ್ಮಗಳಿಗೆ ಈ ಮಾತನ್ನು ಹೇಳಿದೆ. ಅವಳು ಇಂಥ ಕಥೆಗಳಲ್ಲೇ ಮುಳುಗಿರುವ ಹುಡುಗಿ. "ಅಜ್ಜ, ನೀವು ಹಳೆಯದನ್ನೇ ಓದುತ್ತೀರಿ. ಕರ್ಕನ ವಿಚಾರಣೆಯನ್ನು ನೋಡಿ, ಆಮೇಲೆ ಹೇಳಿ" ಎಂದಳು. ಹಾಗೆಂದು ಒಂದು ರಜಾದಿನ ಗಣಕಯಂತ್ರದ ಮುಂದೆ ನನ್ನನ್ನು ಕುಳ್ಳಿರಿಸಿ 'ಸ್ಟಾರ್ ಟ್ರೆಕ್' ಎಂಬ ಹೆಸರಿನ ಎರಡು ಚಲಚ್ಚಿತ್ರಗಳನ್ನು ತೋರಿಸಿದಳು. ೧೯೬೬ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ ಕಥೆಯಂತೆ. ಅದರ ನಾಯಕನಾದ ಕರ್ಕನು ನಕ್ಷತ್ರಗಳ ನಡುವೆ ಸಂಚರಿಸುವ ಹಡಗಿನ ಅಧಿಪತಿ. ಅನ್ಯಲೋಕದವರ ಬಾಳಿನಲ್ಲಿ ಕೈಹಾಕಕೂಡದೆಂಬುದು ಅವರ ಸೇನೆಯ ಮೊದಲ ಕಟ್ಟಳೆ. ಅದನ್ನು ಅವನು ಮೀರಿದ್ದು ಒಂದೆರಡು ಬಾರಿಯಲ್ಲವೆಂದು ಹುಡುಗಿಯೇ ಒಪ್ಪಿದಳು.

೧೯೮೪ರ ಚಿತ್ರದಲ್ಲಿ ಕರ್ಕನು ಮಿತ್ರನಾದ ಸ್ಪಾಕನಿಗಾಗಿ ಹೊರಟುನಿಂತು ಮೇಲಧಿಕಾರಿಯ ಅಪ್ಪಣೆ ಕೇಳುವನು. ಅಪ್ಪಣೆ ದೊರೆಯದೆ ಹೋಗಲು, ತನ್ನ ಹಡಗನ್ನೇ ಕದ್ದುಕೊಂಡು ಹೋಗುವನು. ಮಗನು ಅಲ್ಲಿ ಕೊಲೆಯಾಗುವನು. ಹಡಗನ್ನು ತನ್ನ ಕೈಯಾರೆ ನಾಶಮಾಡಬೇಕಾಗುವುದು. ಮಿತ್ರನು ಮಾತ್ರ ಬದುಕುವನು. ೧೯೮೬ರ ಚಿತ್ರದಲ್ಲಿ, ಬೇರೊಂದು ಲೋಕದಲ್ಲಿ ಸುಖವಾಗಿ ಅಡಗಿರಬಹುದಾಗಿದ್ದರೂ, ಅವನೂ ಅವನ ಸಂಗಡಿಗರೂ ವಿಚಾರಣೆಗೆ ಒಳಗಾಗಲೆಂದೇ ಭೂಮಿಗೆ ಮರಳಲು ನಿಶ್ಚಯಿಸುವರು. ಈ ನಿಶ್ಚಯ ನನಗೆ ತುಂಬಾ ಹಿಡಿಸಿತು. ಹಾದಿಯಲ್ಲಿ ಭೂಮಿಗೊಂದು ವಿಪತ್ತು ಬಂದುದು ಕಂಡು, ಕಾಲದಲ್ಲಿ ಹಿಂದೆ ಸರಿದು ಎರಡು ತಿಮಿಂಗಿಲಗಳನ್ನು ತಂದು ಲೋಕವನ್ನು ಉಳಿಸುವರು. (ತಿಮಿಂಗಿಲಗಳೇಕೆ ಎಂದು ವಿವರಿಸಹೊರಟರೆ ಈ ಸಂಚಿಕೆಯ ಪುಟಗಳು ಸಾಲವು.) ಬಳಿಕ ಸಭೆ ಸೇರುವುದು. ಕಳವು, ಹಲ್ಲೆ, ಹಡಗಿನ ನಾಶ, ಆಜ್ಞೋಲ್ಲಂಘನೆ ಎಂದು ಆರೋಪಗಳನ್ನು ಒಂದೊಂದಾಗಿ ಓದುವರು. ಆರೋಪಕ್ಕೊಳಗಾಗದ ಸ್ಪಾಕನೂ ಸಭೆಯಿಂದೆದ್ದು ಬಂದು ಸಂಗಡಿಗರ ಸಾಲಿನಲ್ಲಿ ನಿಲ್ಲುವನು. ಕರ್ಕನು ಎಲ್ಲರ ಪರವಾಗಿ ತಪ್ಪನ್ನು ಒಪ್ಪುವನು. ಲೋಕವನ್ನು ಉಳಿಸಿದ್ದಕ್ಕಾಗಿ ಒಂದನ್ನುಳಿದು ಮಿಕ್ಕೆಲ್ಲ ಆರೋಪಗಳನ್ನೂ ಕೈಬಿಡುವರು. ಆ ಒಂದಕ್ಕೆ ಶಿಕ್ಷೆಯೆಂದರೆ ಹಿರಿಯ ಪದವಿಯಿಂದ ಇಳಿಸಿ ಮತ್ತೆ ಹಡಗಿನ ಕಪ್ತಾನನನ್ನಾಗಿ ಮಾಡುವುದು. ಅಂದರೆ ಅವನ ಮನಸ್ಸು ಯಾವುದಕ್ಕಾಗಿ ಹಾತೊರೆಯುತ್ತಿದ್ದಿತೋ ಅದನ್ನೇ ಕೈಗಿಡುವುದು! ಸಭೆಯೆಲ್ಲ ಹರ್ಷೋದ್ಗಾರ ಮಾಡಿತು. ಹುಡುಗಿಯೂ ಚಪ್ಪಾಳೆ ತಟ್ಟಿದಳು.

"ಇದು ಶಿಕ್ಷೆಯೋ, ಸನ್ಮಾನವೋ?" ಎಂದು ಕೇಳಿದೆ. ಅವಳು ಮುಖ ಸಣ್ಣದು ಮಾಡಿದಳು. ಇಲ್ಲಿಯೂ ನೆಮೋನ ಕಥೆಯೇ: ತೀರ್ಪು ಕೊಡುವವರು ಅವನಿಂದ ಜೀವ ಉಳಿಸಿಕೊಂಡವರು. ತಿಮಿಂಗಿಲ ಸಿಕ್ಕದೆ ಹೋಗಿದ್ದರೆ ಏನಾಗುತ್ತಿತ್ತು? ಫಲವು ಚೆನ್ನಾಯಿತೆಂದು ಮನ್ನಿಸುವುದಾದರೆ ಹೊಣೆಯನ್ನು ಹೊತ್ತದ್ದು ನಾಯಕನಲ್ಲ, ಅದೃಷ್ಟ.

ಈ ಜಾತಿಯ ಕಥೆಗಳೆಲ್ಲ ಹೀಗೆಯೇ ಎಂದು ನಾನು ಹೇಳಲಾರೆ. ಅದೇ ಮಾಲೆಯ ೧೯೯೮ರ ಒಂದು ಕಥೆಯಲ್ಲಿ ಸಿಸ್ಕೋ ಎಂಬ ನಾಯಕನು ಸೋಲುತ್ತಿರುವ ಯುದ್ಧಕ್ಕೆ ನೆರವು ದೊರಕಿಸಲೆಂದು ಸುಳ್ಳು ಸಾಕ್ಷ್ಯವನ್ನು ಹುಟ್ಟಿಸುವನು. ಆ ಬಲೆಯಲ್ಲಿ ಸಿಕ್ಕಿ ಎರಡು ಜೀವಗಳು ಹೋಗುವುವು. ಎಲ್ಲವನ್ನೂ ತನ್ನ ದಿನಚರಿಗೆ ಬಾಯಿಬಿಟ್ಟು ಹೇಳಿ, ಕಡೆಗೆ ಆ ದಿನಚರಿಯನ್ನೇ ಅಳಿಸಿಬಿಡುವನು. ಹೊಣೆಯನ್ನು ತನಗೆ ತಾನೇ ಒಪ್ಪಿಸಿ ತಾನೇ ರಸೀತಿ ಹರಿದುಕೊಂಡಂತೆ. ಕರ್ಕನಿಗಿಂತ ಇವನು ನನಗೆ ಹೆಚ್ಚು ನಿಜವಾಗಿ ಕಂಡನು, ಪ್ರಿಯನಾಗಿ ಅಲ್ಲ. ಟಾಮ್ ಗಾಡ್ವಿನ್ ಎಂಬವನು ೧೯೫೪ರಲ್ಲಿ ಬರೆದ ಕಥೆಯೊಂದು ಇದಕ್ಕೆ ತೀರ ವಿರುದ್ಧವಾದುದು. ರೋಗಿಗಳಿಗೆ ಔಷಧಿ ಒಯ್ಯುವ ಸಣ್ಣ ಹಡಗಿನಲ್ಲಿ, ಅಣ್ಣನನ್ನು ಕಾಣುವಾಸೆಯಿಂದ ಒಬ್ಬ ಹುಡುಗಿ ಅಡಗಿರುವಳು. ಇಂಧನವು ಒಬ್ಬನಿಗೆ ಮಾತ್ರ ಸಾಕಾಗುವಷ್ಟು. ನಿಯಮದಂತೆ ಅವಳನ್ನು ಶೂನ್ಯಕ್ಕೆ ಹೊರಡಿಸುವರು. ಚಾಲಕನು ನಿಯಮವನ್ನು ಮೀರಲಿಲ್ಲ, ಮರುಗಿದನು. ಬಾಗಿಲಿನಲ್ಲಿದ್ದುದು ಅಪ್ಪಣೆಯಿಲ್ಲದವರು ಬರಕೂಡದೆಂಬ ಹಲಗೆಯಷ್ಟೇ. ಬಂದರೆ ಸಾವೆಂದು ಅದರಲ್ಲಿ ಬರೆದಿರಲಿಲ್ಲ. ಇಂಧನವನ್ನು ಅಳೆದುಕೊಟ್ಟವರೂ ಹಲಗೆಯನ್ನು ಬರೆಸಿದವರೂ ಕಥೆಯಲ್ಲಿ ಉತ್ತರಕ್ಕೆ ಬರುವುದೇ ಇಲ್ಲ. ನಿಯಮ ಪಾಲಿಸಿದವರೂ ಎಷ್ಟೋ ಬಾರಿ ಹೊಣೆಯಿಂದ ತಪ್ಪಿಸಿಕೊಳ್ಳುವರು. ಇದನ್ನು ನಾವು ಕಚೇರಿಗಳಲ್ಲಿ ದಿನವೂ ಕಾಣುತ್ತಿರುವೆವು.

ನನ್ನ ಮನಸ್ಸು ಇಂಥ ವಿಚಾರಣೆಗಳನ್ನು ಒಪ್ಪದಿರುವುದಕ್ಕೆ ನಾನು ಬೆಳೆದ ಸೀಮೆಯೇ ಕಾರಣವೆಂದು ತೋರುವುದು. ಬಂಟ್ವಾಳ, ಬೆಳ್ತಂಗಡಿಗಳ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ವಾಲಿಯ ವಿಷಯ ಬೇರೆಯಾಗಿ ಹೇಳಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುವರು, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ವಾದಿಸುವರು. ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣದ ಪ್ರಸಂಗಗಳಲ್ಲಿ ವಾಲಿಯ ವಧೆಗೆ ಪದಗಳಿರುವುದು ಕೆಲವೇ. ಆದರೆ ಬಾಣ ನೆಟ್ಟಮೇಲೆ ವಾಲಿಯು ಕೇಳುವ ಪ್ರಶ್ನೆಗಳು ಒಂದು ತಾಸಾದರೂ ಮುಗಿಯವು. ನಿನಗೂ ನನಗೂ ಹಗೆಯೇನು? ಮರೆಯಲ್ಲಿ ನಿಂತೇಕೆ ಹೊಡೆದೆ? ಯಾವ ಧರ್ಮದಲ್ಲಿ ಇದುಂಟು? ರಾಮನು ದೇವರೆಂದು ಎಲ್ಲರಿಗೂ ಗೊತ್ತು, ಚಾವಡಿಯಲ್ಲಿ ಕುಳಿತ ಅಜ್ಜಿಯಂದಿರು ಕೈಮುಗಿದೇ ಕೇಳುತ್ತಿರುವರು. ಆದರೂ ಆ ಹೊತ್ತಿನಲ್ಲಿ ರಾಮನು ಉತ್ತರ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ವಾಲಿಯನ್ನು ಕೇಳಿದವರು ಈಗಲೂ ನಮ್ಮ ನಡುವೆ ಹಲವರಿದ್ದಾರೆ. ಅಂಥ ವಾಲಿ ಎದುರಿಗಿದ್ದರೆ ರಾಮನ ಅರ್ಥ ಹೇಳುವವನು ಬೆವರಬೇಕಾಗುತ್ತಿತ್ತು.

ಇಲ್ಲಿ ಕೇಳುವವನು ರಾಮನ ಋಣದಲ್ಲಿರುವ ಸುಗ್ರೀವನಲ್ಲ, ಎದೆಯಲ್ಲಿ ಬಾಣವಿರುವವನು. ವಿಜ್ಞಾನಕಥೆಗಳ ಭವ್ಯವಾದ ಸಭೆಗಳಲ್ಲಿ ನನಗೆ ಕಾಣದೆ ಹೋದ ಪೀಠ ಅದೊಂದೇ.

ಹುಡುಗಿಯೂ ಸುಮ್ಮನೆ ಬಿಡುವವಳಲ್ಲ. "ಆದರೆ ಅಜ್ಜ, ಕಡೆಗೆ ವಾಲಿ ಒಪ್ಪಲೇಬೇಕಲ್ಲ? ಪದದಲ್ಲೇ ಹಾಗಿದೆ. ಅದೂ ಮೊದಲೇ ಬರೆದಿಟ್ಟ ತೀರ್ಪೇ" ಎಂದಳು. ಮಾತು ನಿಜ. ಪ್ರಸಂಗದ ಪದವನ್ನು ಮೀರುವ ಅಧಿಕಾರ ಅರ್ಥಧಾರಿಗಿಲ್ಲ; ವಾಲಿ ಒಪ್ಪಿಯೇ ಸಾಯಬೇಕು. ಹೇಗೆ ಒಪ್ಪುವನೆಂಬುದು ಮಾತ್ರ ಅವನ ಕೈಯಲ್ಲಿದೆ. ಒಪ್ಪಿದ ವಾಲಿಯನ್ನು ಕೇಳಿ, ಉತ್ತರ ಹೇಳಿದ ರಾಮನ ಮೇಲಣ ಮುನಿಸನ್ನು ಹೊತ್ತುಕೊಂಡು ಮನೆಗೆ ನಡೆದ ಬೆಳಗಿನ ಜಾವಗಳು ನನ್ನ ಪಾಲಿಗೆ ಅನೇಕವಿವೆ.

ಅವಳು ಓದುವ ಊರಾದ ಮೂಡುಬಿದಿರೆಯಲ್ಲಿಯೇ ಈ ಚರ್ಚೆಗೆ ಇನ್ನೊಂದು ಸಾಕ್ಷಿ ಇದೆ. ಭರತ ಬಾಹುಬಲಿಗಳ ಕಥೆಯನ್ನು ಎಲ್ಲರೂ ಬಲ್ಲರು. ಸೈನ್ಯಗಳು ಹೊಡೆದಾಡಿ ಸಾಯುವುದು ಬೇಡ, ಅಣ್ಣ ತಮ್ಮಂದಿರೇ ಮೂರು ಬಗೆಯಲ್ಲಿ ಸೆಣಸಲಿ ಎಂದು ನಿಯಮವಾಯಿತು. ಮೂರರಲ್ಲಿಯೂ ಸೋತ ಭರತನು ನಿಯಮವನ್ನು ಮುರಿದು ತಮ್ಮನ ಮೇಲೆ ಚಕ್ರವನ್ನು ಬಿಟ್ಟನು. ಚಕ್ರವು ಬಾಹುಬಲಿಯನ್ನು ಕೊಲ್ಲದೆ ಅವನ ಬಳಿಯಲ್ಲಿಯೇ ನಿಂತಿತು. ೯೪೧ರಲ್ಲಿ ಆದಿಪುರಾಣವನ್ನು ಬರೆದ ಪಂಪನು ಈ ಕಳಂಕವನ್ನು ಮುಚ್ಚಲಿಲ್ಲ. ತಪಸ್ಸಿಗೆ ನಿಂತ ತಮ್ಮನ ಬಳಿಗೆ ಚಕ್ರವರ್ತಿಯೇ ಹೋಗಿ ತಲೆಬಾಗಿದ ಬಳಿಕವೇ ಆ ಕಥೆ ಪೂರ್ತಿಯಾಗುವುದು. ೧೬ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಗೆ ಇದು ಸಹಿಸಲಿಲ್ಲ. ಭರತನು ಅವನ ಮುದ್ದಿನ ನಾಯಕ. 'ಭರತೇಶ ವೈಭವ'ದಲ್ಲಿ ಅಣ್ಣನು ನಯವಾದ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುವನು. ಕಾಳಗವೇ ಇಲ್ಲ, ಅಪರಾಧವೇ ಇಲ್ಲ. ಕಾವ್ಯವಾಗಿ ಅದರ ಮಾಧುರ್ಯಕ್ಕೆ ನಾನು ಮನಸೋತವನೇ. ಆದರೆ ಭರತನನ್ನು ರಕ್ಷಿಸಹೋದ ಕವಿಯು ಅವನಿಂದ ಒಂದನ್ನು ಕಸಿದುಕೊಂಡನೆಂದು ನನಗೆ ಅನಿಸುವುದು: ಮೀರಿದ ಬಳಿಕ ಎದುರಿಗೆ ಹೋಗಿ ನಿಲ್ಲುವ ಸಂದರ್ಭವನ್ನು. ಮೂಡುಬಿದಿರೆಗೆ ಸಮೀಪದ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ಮೂವತ್ತೈದು ಅಡಿಯ ವಿಗ್ರಹವನ್ನು ನಿಲ್ಲಿಸಿದಾಗಲೂ, ನಿಂತವನು ಬಾಹುಬಲಿಯೇ ಹೊರತು ಭರತನಲ್ಲ.

ಇಷ್ಟನ್ನು ಬರೆಯುವಾಗ ನನ್ನ ಸೋದರಮಾವನ ನೆನಪಾಗದೆ ಇರದು. ಅವರು ನೇತ್ರಾವತಿಯ ದಡದ ಒಂದು ಊರಿನಲ್ಲಿ ಅಕ್ಕಿಯ ಗೋದಾಮಿನ ಆಡಳಿತ ನೋಡುತ್ತಿದ್ದರು. ಸಂಸ್ಥೆಯ ಹೆಸರು ಇಲ್ಲಿ ಬೇಡ. ೧೯೭೪ರ ಜುಲೈ ತಿಂಗಳ ನೆರೆಯನ್ನು ಬಂಟ್ವಾಳ ಪಾಣೆಮಂಗಳೂರುಗಳ ಹಿರಿಯರು ಇಂದಿಗೂ ಮರೆತಿಲ್ಲ. ೧೯೨೩ರ ದೊಡ್ಡ ಬೊಳ್ಳವನ್ನು ಕಂಡಿದ್ದ ಮುದುಕರು ಆಗ ಅದರೊಂದಿಗೆ ಇದನ್ನು ಹೋಲಿಸಿ ಮಾತಾಡುತ್ತಿದ್ದರು. ಮನೆಗಳನ್ನು ಬಿಟ್ಟು ಗುಡ್ಡವೇರಿ ಕುಳಿತಿದ್ದ ಜನರಿಗೆ ಎರಡು ದಿನಗಳಿಂದ ಗಂಜಿಯಿಲ್ಲ. ಗೋದಾಮಿನಲ್ಲಿ ಪಡಿತರದ ಅಕ್ಕಿ ಮೊಹರಿನೊಳಗಿತ್ತು. ಅಪ್ಪಣೆ ಕೊಡಬೇಕಾದವರ ಬಳಿಗೆ ಹೋಗಲು ದಾರಿಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಮಾವನವರು ರಾತ್ರಿ ಮೊಹರನ್ನು ಒಡೆದು ಮೂವತ್ತೇಳು ಗೋಣಿ ಅಕ್ಕಿಯನ್ನು ಹೊರಿಸಿ ಗುಡ್ಡಕ್ಕೆ ಕಳುಹಿದರು. ಬೆಳಗ್ಗೆ ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಬರೆದರು: ಅಪ್ಪಣೆ ಪಡೆದಿಲ್ಲ, ಮೊಹರು ಒಡೆದವನು ನಾನೇ.

ನೀರು ಇಳಿದ ಮೇಲೆ ಹಿತೈಷಿಗಳು ಬಂದರು. ಹಿಂದಿನ ತಾರೀಕು ಹಾಕಿ ಒಂದು ಅಪ್ಪಣೆಯ ಕಾಗದವನ್ನು ಸಿದ್ಧಪಡಿಸೋಣ, ಎಲ್ಲವೂ ಸರಿಯಾಗುವುದು ಎಂದರು. ಅವರದು ರತ್ನಾಕರನ ಪ್ರೀತಿ. ಮಾವ ಒಪ್ಪಲಿಲ್ಲ. ಇಷ್ಟಕ್ಕೆ ನಿಂತಿದ್ದರೆ ಇದೂ ಕರ್ಕನ ಕಥೆಯಂತೆಯೇ ಇರುತ್ತಿತ್ತು. ಊರವರೆಲ್ಲ ಆಗಲೇ ಅವರನ್ನು ಹೊಗಳತೊಡಗಿದ್ದರು.

ಎಂಟು ದಿನಗಳಾದ ಮೇಲೆ ಕಡವಿನ ಆಚೆಯಿಂದ ಒಬ್ಬ ಹೆಂಗಸು ಬಂದು ಅಂಗಳದಲ್ಲಿ ನಿಂತಳು. ಮುಂದಿನ ವಾರದ ಪಡಿತರವಾಗಿ ಅವಳಿಗೂ ಇನ್ನು ಹತ್ತು ಮನೆಗಳಿಗೂ ಸಲ್ಲಬೇಕಾಗಿದ್ದ ಅಕ್ಕಿ ಅದೇ ಮೂವತ್ತೇಳು ಗೋಣಿಯಲ್ಲಿ ಹೋಗಿತ್ತು. ಹೊಸ ಅಕ್ಕಿ ಬರಲು ರಸ್ತೆಯಿರಲಿಲ್ಲ. ಹಲಸಿನ ಬೀಜವನ್ನೂ ಕೆಸುವನ್ನೂ ಬೇಯಿಸಿ ತಿಂದು ದಿನ ಕಳೆದಿದ್ದರು. ಅವಳ ಕಿರಿಯ ಮಗು ಹಾಸಿಗೆ ಹಿಡಿದಿತ್ತು. ಅವಳು ತುಳುವಿನಲ್ಲಿ, ದನಿಯೇರಿಸದೆ, "ಧಣಿಗಳೇ, ನಿಮ್ಮ ಅಕ್ಕಿಯನ್ನು ನೀವು ಕೊಟ್ಟಿದ್ದರೆ ನಾನು ಬರುತ್ತಿರಲಿಲ್ಲ. ನನ್ನ ಅಕ್ಕಿಯನ್ನು ಕೊಟ್ಟು ನೀವು ಹೆಸರು ಪಡೆದಿರಿ" ಎಂದಳು. ಚಾವಡಿಯಲ್ಲಿದ್ದವರು ಅವಳನ್ನು ಗದರಿಸಲೆದ್ದರು. ಮಾವನವರು ಕೈಸನ್ನೆಯಿಂದ ತಡೆದರು. ಗುಡ್ಡದ ಜನರ ಹಸಿವಿನ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. "ನೀನು ಹೇಳಿದ್ದು ಸರಿ ಮಾರಾಯ್ತಿ. ಕುಳಿತುಕೋ, ಎಲ್ಲವನ್ನೂ ಹೇಳು" ಎಂದು ಕೇಳುತ್ತ ಕುಳಿತರು. ಅವಳು ಕೇಳಿದಳು, ಇವರು ಉತ್ತರಿಸಿದರು. ಕೆಲವಕ್ಕೆ ಉತ್ತರವಿಲ್ಲವೆಂದೂ ಹೇಳಿದರು. ಅವಳು ಹೊರಡುವಾಗ ಮನೆಯ ಭತ್ತದಿಂದ ಎರಡು ಮುಡಿ ಅಕ್ಕಿ ಕಡವಿಗೆ ಹೋಯಿತು. ಅವಳ ಮುಖ ಅದರಿಂದ ತಿಳಿಯಾದುದನ್ನು ನಾನೇನೂ ಕಾಣಲಿಲ್ಲ.

ನನಗಾಗ ಇಪ್ಪತ್ತರ ವಯಸ್ಸು. ಅಕ್ಷರ ಚೆನ್ನಾಗಿದೆಯೆಂದು, ವಿಚಾರಣೆಗೆ ಮಾವನವರು ಕೊಡಬೇಕಾಗಿದ್ದ ವಿವರಣೆಯ ನಕಲನ್ನು ಬರೆಯುವ ಕೆಲಸ ನನಗೆ ಬಂದಿತ್ತು. ಅದರ ಕೊನೆಯಲ್ಲಿ ಅವರು ಯಾರೂ ಕೇಳದೆ ಇದ್ದ ಒಂದು ಪ್ಯಾರಾವನ್ನು ಸೇರಿಸಿದರು: ತನ್ನ ಕೃತ್ಯದಿಂದ ಹನ್ನೊಂದು ಚೀಟಿಗಳಿಗೆ ಪಡಿತರ ತಪ್ಪಿತು, ಅವರ ಹೇಳಿಕೆಯನ್ನು ನನ್ನ ಹೇಳಿಕೆಗಿಂತ ಮೊದಲು ಕೇಳಬೇಕು. ಮನೆಯವರು ಸಿಟ್ಟಾದರು. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೆಣೆದುಕೊಟ್ಟಂತಾಯಿತೆಂದು ಅತ್ತೆ ಅತ್ತರು. ಕೆಲಸ ಹೋಯಿತು, ಅಕ್ಕಿಯ ಬೆಲೆಯನ್ನು ಮೂರು ವರ್ಷದ ಅಡಿಕೆಯಿಂದ ತೀರಿಸಿದರು. ಇನ್ನೊಮ್ಮೆ ಅಂಥ ನೆರೆ ಬಂದರೆ ಏನು ಮಾಡುವಿರೆಂದು ನಾನೊಮ್ಮೆ ಕೇಳಿದ್ದುಂಟು. "ಮೊಹರು ಒಡೆಯದೆ ಏನು ಮಾಡುವುದು? ಆದರೆ ಕಡವಿನವರ ಪಾಲನ್ನು ಮೊದಲು ಬೇರೆ ಇಡುವೆ" ಎಂದರು.

ಇದನ್ನು ಹುಡುಗಿಗೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಈಗ ಅವಳೇ ಒಂದು ವಿಜ್ಞಾನಕಥೆಯನ್ನು ಬರೆಯುತ್ತಿರುವಳು. ಅದರಲ್ಲಿ ಹಡಗಿನ ನಾಯಕಿಯೊಬ್ಬಳು ನಿಯಮ ಮುರಿದು ಒಂದು ಗ್ರಹವನ್ನು ಉಳಿಸುವಳಂತೆ. ವಿಚಾರಣೆಯ ದಿನ ಗ್ರಹದವರು ಹಾರ ಹಿಡಿದು ಬಂದಿರುವರಂತೆ. ಆದರೆ ಮೊದಲು ಮಾತಾಡುವ ಹಕ್ಕು ಯಂತ್ರದ ಕೋಣೆಯಲ್ಲಿ ಕೈ ಸುಟ್ಟುಕೊಂಡ ಒಬ್ಬ ಕೂಲಿಯಾಳಿಗೆ. ಆ ಆಳಿನ ಮಾತು ಮಾತ್ರ ಎಷ್ಟು ಬರೆದರೂ ಸರಿಬರುತ್ತಿಲ್ಲವೆಂದು ದೂರುತ್ತಿದ್ದಳು. ವಾಲಿಯ ಪದಗಳಿರುವ ನನ್ನ ಹಳೆಯ ಪ್ರಸಂಗದ ಪುಸ್ತಕವನ್ನು ಒಯ್ದು ಎರಡು ತಿಂಗಳಾಯಿತು; ಇನ್ನೂ ಹಿಂದಕ್ಕೆ ಬಂದಿಲ್ಲ.